ದ್ಯಾವಪ್ಪ ಮಲಗಿದ ಜಾಗ

ಶೇಖಮ್ಮನ ಎಡಗಾಲಿನ ಕಾಲುಂಗುರ ಕಳೆದದ್ದು ಬೆಳಿಗ್ಗೆ ಸಸಿ ಮಡಿಗೆ ನೀರು ಹಾಯಿಸುವಾಗ. ಅವಳು ಕೆಸರು ತೊಳೆದುಕೊಂಡು ಒಡ್ಡು ಹತ್ತುವುದರೊಳಗೆ ಊರಿಗೆಲ್ಲ ಅದು ಗೊತ್ತಾಗಿತ್ತು. ಕೆಂಭಾವಿಯಿಂದಾಚೆಯ ಆ ಊರಿನಲ್ಲಿ ಕಾಲುವೆಯ ನೀರು ಕೊನೆಯ ಹೊಲ ಮುಟ್ಟಲು ವಾರ ಬೇಕು; ಸುದ್ದಿ ಮುಟ್ಟಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು.

ಮೊದಲು ಬಂದವಳು ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಗೊಲ್ಲಾಳಮ್ಮ. ಬಂದವಳೇ ಶೇಖಮ್ಮನ ಪಾದ ನೋಡಿ, ಎದೆ ಮೇಲೆ ಕೈಯಿಟ್ಟುಕೊಂಡಳು.

"ಬಲಗಾಲಿಂದು ಹೋಗಿದ್ರ ಚಿಂತಿ ಇರ್ಲಿಲ್ಲ ನೋಡವಾ. ಎಡಗಾಲಿಂದು ಹೋದ್ರ ಗಂಡಗ ಕಂಟಕ. ಹೊತ್ತು ಮುಳುಗೂದ್ರೊಳಗ ಸಿಗಬೇಕು."

ಗಂಡ ತಾಯಪ್ಪ ಅಲ್ಲೇ ಸಲಿಕೆ ಹಿಡಿದು ನಿಂತಿದ್ದ. ಗೊಲ್ಲಾಳಮ್ಮ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಸಂತೆಗೆ ಹೊರಟ ಮುದಿ ಎತ್ತನ್ನು ಜನ ನೋಡುವುದು ಹಾಗೆ.

"ಹೋಗಲಿ ಬಿಡು, ಚಲೋ ಮನಷ್ಯಾ ಇದ್ದ," ಎಂದು ಹೇಳಿ ಅವಳು ತಿರುಗಿ ಕಳೆ ತೆಗೆಯಲು ಹೋದಳು.

ಒಡ್ಡಿನ ಮೇಲಿನ ಗೋರಿಕಟ್ಟೆಯ ಮೇಲೆ ಕೂತು ತಾಯಪ್ಪನ ತಾಯಿ ತಿಮ್ಮವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಮುದುಕಿಗೆ ಕಿವಿ ಮಾತ್ರ ಚುರುಕಾಗಿದ್ದವು. ನಾಲಿಗೆ ಅದಕ್ಕಿಂತ ಚುರುಕು.

"ನಿಮ್ಮಪ್ಪ ತೊಡಿಯಾಗ ಡಾಕ್ಟರ ಹಾಕಿದ ಕಬ್ಬಿಣಾ ಹೊತ್ಕೊಂಡು ಈ ಹೊಲ ಕಾದಾನ. ನಿನಗ ಹೆಂಡ್ತಿ ಕಾಲ್ಬೆರಳಿನ ಬೆಳ್ಳಿ ಕಾಯಾಕ ಆಗಲಿಲ್ಲ. ಹುಡುಕು, ಭಾಡ್ಯಾ!"

ಈ ಕಟ್ಟೆಯ ವಿಷಯ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ತಾಯಪ್ಪನ ಬದುಕು ನಿಂತಿದ್ದದ್ದು ಅದರ ಮೇಲೆ. ಅವನ ತಂದೆ ದ್ಯಾವಪ್ಪ ಕಾಲುವೆ ತೋಡುವ ಕೆಲಸಕ್ಕೆ ಹೋಗಿ, ಬಂಡೆ ಉರುಳಿ ತೊಡೆ ಮುರಿದುಕೊಂಡು, ಕುಂಟುತ್ತ ಕೆಲವು ವರ್ಷ ಬದುಕಿ, ಆ ಕಾಲುವೆಯಲ್ಲಿ ಒಂದು ಹನಿ ನೀರು ಬರುವ ಮೊದಲೇ ಸತ್ತ. ಸಾಯುವಾಗ ಮಗನನ್ನು ಕರೆದು ಹೇಳಿದ್ದು ಒಂದೇ ಮಾತು: "ನನ್ನ ಹದ್ದಿನ ಒಡ್ಡಿನ ಮ್ಯಾಲೇ ಹುಗೀರಿ. ಬಾಂದಗಲ್ಲಾದ್ರ ಕಿತ್ತು ಒಗೀತಾರ, ಹೆಣಾ ಯಾವ ಮಗಾನೂ ಕೀಳಂಗಿಲ್ಲ." ಹೊಲದ ಗಡಿಗೆ ಹದ್ದು ಎನ್ನುವ ಆ ಕಡೆ ಇದು ಹೊಸದೇನಲ್ಲ. ಹಿರಿಯರನ್ನು ಹೊಲದ ಅಂಚಿನಲ್ಲಿ ಮಲಗಿಸಿದರೆ ಅವರು ಸತ್ತ ಮೇಲೂ ಕಾವಲು ಕಾಯುತ್ತಾರೆ, ಕೂಲಿ ಕೇಳುವುದಿಲ್ಲ.

ನಾರಾಯಣಪುರದ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂದ ಮೇಲೆ ಈ ಕಾವಲಿಗೆ ಬೆಲೆ ಬಂತು. ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ತೂಬು ಕಟ್ಟಿದ್ದದ್ದು ತಾಯಪ್ಪನ ಹೊಲ ಮತ್ತು ಯಂಕಣ್ಣನ ಹೊಲ ಕೂಡುವಲ್ಲಿ. ತೂಬು ಯಾರ ಹೊಲದಲ್ಲಿದೆಯೋ ಅವನದು ಭತ್ತ. ಇನ್ನೊಬ್ಬನದು ಮುಗಿಲು ನೋಡುವ ಜೋಳ. ಯಂಕಣ್ಣ ಆಗ ಹೆಂಡತಿ ಮಕ್ಕಳ ಜೊತೆ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿದ್ದ. ನೀರು ಬಂದ ಸುದ್ದಿ ಕೇಳಿ, ಬಹಳ ವರ್ಷಗಳ ಮೇಲೆ ತಿರುಗಿ ಬಂದು ನೋಡಿದರೆ, ದ್ಯಾವಪ್ಪನ ಕಟ್ಟೆ ತೂಬಿನಾಚೆಗೆ ಕೂತಿತ್ತು. ತೂಬು ತಾಯಪ್ಪನ ಪಾಲಿಗೆ ಬಿದ್ದಿತ್ತು.

"ತೂಬು ನಮ್ಮ ಹೊಲದಾಗಿತ್ತು!" ಎಂದು ಯಂಕಣ್ಣ ಕೂಗಾಡಿದ. ಸರ್ವೇ ಮಾಡಿಸಲು ಅರ್ಜಿ ಹಾಕಿದ. ಅಳೆಯುವವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದರು. ಕೊನೆಗೆ ಊರ ಹಿರಿಯ ಭಾಗಣ್ಣ ಚಾವಡಿಯಲ್ಲಿ ಕೂತು ಫೈಸಲಾ ಹೇಳಿದ: "ದ್ಯಾವಪ್ಪ ಬದುಕಿದ್ದಾಗ ಸುಳ್ಳು ಹೇಳಿದವ ಅಲ್ಲ, ಸತ್ತು ಹೇಳ್ತಾನೇನು? ಅವ ಎಲ್ಲಿ ಮಲಗ್ಯಾನೋ ಅದೇ ಹದ್ದು." ಯಂಕಣ್ಣ ಬಾಯಿ ಮುಚ್ಚಿಕೊಂಡ, ಆದರೆ ಹೊಟ್ಟೆ ಉರಿ ಆರಲಿಲ್ಲ.

ಅಂದಿನಿಂದ ತಾಯಪ್ಪನಷ್ಟು ಪಿತೃಭಕ್ತ ಸುರಪುರ ಸೀಮೆಯಲ್ಲೇ ಇಲ್ಲ ಎಂದು ಹೆಸರಾಯಿತು. ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ಮುಂಚೆ ಅವನೊಬ್ಬನೇ ಹೋಗಿ, ಬಿರುಕು ಬಿಟ್ಟ ಕಟ್ಟೆಯನ್ನು ಬಿಚ್ಚಿ, ಹೊಸದಾಗಿ ಕಟ್ಟಿ, ಸುಣ್ಣ ಬಳಿಯುತ್ತಿದ್ದ. ಆಳು ಕರೆಯುತ್ತಿರಲಿಲ್ಲ. ಹೆಂಡತಿಯನ್ನೂ ಕಲ್ಲು ಮುಟ್ಟಗೊಡುತ್ತಿರಲಿಲ್ಲ. ಆಮೇಲೆ ತಾಯಿಯ ಕೈ ಹಿಡಿದು ಕರೆತಂದು ಕೂರಿಸುತ್ತಿದ್ದ. ತಿಮ್ಮವ್ವ ಹೋಳಿಗೆ ಎಡೆಯಿಟ್ಟು, ಗಂಡನ ಜೊತೆ ಮನೆಯ ಸುಖದುಃಖ ಮಾತಾಡಿ, ಸೊಸೆಯ ಮೇಲೆ ಚಾಡಿ ಹೇಳಿ, ಕಣ್ಣೊರೆಸಿಕೊಂಡು ಏಳುತ್ತಿದ್ದಳು.

ಇಂಥ ತಾಯಪ್ಪನಿಗೆ ಈಗ ಕಾಲುಂಗುರದ ಕಂಟಕ ಬಂತು. ಅವನು ಮೊಣಕಾಲೂರಿ ಕೆಸರು ಬಗೆದ. ಸಿಕ್ಕಿದ್ದು ಎರಡು ಏಡಿ. ಅದರಲ್ಲಿ ಒಂದು ಬೆರಳಿಗೆ ಕಚ್ಚಿತು. ಆಗ ಬಂದವನು ಬಸವಂತ್ರಾಯ ಮಾಸ್ತರ.

ಮಾಸ್ತರ ಕೆಂಭಾವಿಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ. ಸುರಪುರದ ಅರಸರ ದಂಡು ನಡೆದ ದಾರಿಯನ್ನು ನೆಲದೊಳಗಿಂದಲೇ ಎತ್ತಿ ತೋರಿಸುತ್ತೇನೆಂದು ಹಟ ತೊಟ್ಟು, ಲೋಹ ಹುಡುಕುವ ಯಂತ್ರವೊಂದನ್ನು ತರಿಸಿದ್ದ. ಕೋಲಿನ ತುದಿಗೆ ರೊಟ್ಟಿಯ ಹಂಚು ಕಟ್ಟಿದಂತಿದ್ದ ಆ ಯಂತ್ರ ಇಲ್ಲಿಯವರೆಗೆ ಎತ್ತಿದ್ದು ಮೂರು ಲಾಳ ಮತ್ತು ಯಾರದೋ ಸೈಕಲ್ಲಿನ ಚೈನು. ಕಾಲುಂಗುರದ ಸುದ್ದಿ ಕೇಳಿದ್ದೇ ಅವನು ರಜೆಯ ದಿನದ ನಿದ್ದೆಯನ್ನೂ ಬಿಟ್ಟು ಮೋಟರ್ ಸೈಕಲ್ಲಿನಲ್ಲಿ ಬಂದಿಳಿದ.

"ಅಂಜಬ್ಯಾಡ ತಾಯಪ್ಪ. ನೆಲದ ಹೊಟ್ಟಿಯಾಗ ಏನದ ಅಂಬೋದು ಇದು ಹೇಳ್ತದ."

"ಎಷ್ಟು ಆಳದ ತನಕ ಹೇಳ್ತದ್ರಿ ಸರ?" ಎಂದು ಕೇಳಿದ್ದು ಯಂಕಣ್ಣ. ಅವನೂ ಒಡ್ಡಿನ ಮೇಲೆ ಬಂದು ಕೂತಿದ್ದ. ಪಕ್ಕದವನ ಕಷ್ಟ ನೋಡಲು ಅಷ್ಟು ದೂರವಾದರೂ ಬರಬೇಡವೇ?

ಮಾಸ್ತರ ಪಾಠಕ್ಕೆ ನಿಂತ. "ಅದು ಸಾಮಾನಿನ ಮ್ಯಾಲ ಅದ. ಕಾಲುಂಗುರ ಅಂದ್ರ ಒಂದು ಗೇಣು, ಅಷ್ಟೇ. ತಂಬಿಗಿ ಆದ್ರ ಮೊಳ. ತೋಪು, ಕೊಪ್ಪರಗಿ ಅಂಥಾವಾದ್ರ ಇನ್ನೂ ಕೆಳಗಿಂದ ಕೂಗತಾವ. ದೊಡ್ಡ ಮನಷ್ಯಾ ಮನಿಯಾಗ ಕೆಮ್ಮಿದ್ರೂ ಓಣಿಗೆಲ್ಲ ಕೇಳಸ್ತದಲ್ಲ, ಹಂಗ."

ಯಂತ್ರ ಮೊದಲು ಕೂಗಿದ್ದು ಮಾಸ್ತರನ ಚಪ್ಪಲಿಯ ಮೊಳೆಗೆ. ಅವನು ಚಪ್ಪಲಿ ಬಿಟ್ಟ. ಆಮೇಲೆ ಶೇಖಮ್ಮನ ಬಲಗಾಲಿಗೆ ಕೂಗಿತು. ಅವಳನ್ನು ದೂರ ನಿಲ್ಲಿಸಿದರು. ತಾಯಪ್ಪನ ಉಡದಾರದ ಕೀಲಿಕೈಗೆ ಕೂಗಿತು, ಗುಟ್ಕಾ ಚೀಟಿಗೆ ಕೂಗಿತು, ಯಾವನೋ ಕುಡಿದು ಎಸೆದ ಬಾಟಲಿಯ ಮುಚ್ಚಳಕ್ಕೆ ಕೂಗಿತು. ಒಂದೊಂದು ಕೂಗಿಗೂ ಹತ್ತು ಹತ್ತು ಜನ ಹೆಚ್ಚಾದರು. ಬಿಸಿಲೇರುವ ಹೊತ್ತಿಗೆ ಅರ್ಧ ಊರು ತಾಯಪ್ಪನ ಹೊಲದಲ್ಲಿತ್ತು, ಉಳಿದರ್ಧ ದಾರಿಯಲ್ಲಿತ್ತು.

ಶೇಖಮ್ಮ ಬೆಳಿಗ್ಗೆ ಕಟ್ಟೆಯ ಬಳಿ ಕೂತಿದ್ದಳೆಂದು ಮಾಸ್ತರ ಅಲ್ಲಿಯೂ ಯಂತ್ರ ಆಡಿಸಿದ. ತಾಯಪ್ಪ ಅಡ್ಡ ಬಂದ.

"ಸರ, ಅಪ್ಪನ ನಿದ್ದಿ ಕೆಡಸಬ್ಯಾಡ್ರಿ."

ಯಂತ್ರ ಕಟ್ಟೆಯ ಸುತ್ತಲೂ ಒಂದು ಸುತ್ತು ಬಂತು. ಕುಂಯ್ ಎನ್ನಲಿಲ್ಲ.

"ಅವರು ಇದ್ದಾಗೂ ಮಾತು ಕಡಿಮಿ," ಎಂದಳು ತಿಮ್ಮವ್ವ.

ಕಾಲುಂಗುರ ಸಿಗಲಿಲ್ಲ. ಶೇಖಮ್ಮ ಅಳತೊಡಗಿದಳು. ಅವಳು ನಡೆದು ಬಂದ ದಾರಿಯನ್ನೆಲ್ಲ ನೋಡಿಬಿಡೋಣವೆಂದು ಮಾಸ್ತರ ಹೊಲದ ನಡುವೆ ಹೊರಟ. ಭತ್ತ ಕೊಯ್ದು ಒಣಗಿದ ನೆಲ ಅದು. ಮೊದಲು ಅಲ್ಲಿ ದಿಬ್ಬವಿತ್ತು. ಗದ್ದೆ ಮಾಡಲು ತಾಯಪ್ಪ ಬುಲ್ಡೋಜರ್ ಕರೆಸಿ ಎದೆಮಟ್ಟದ ಮಣ್ಣು ಕೆತ್ತಿಸಿ, ಹಳೆಯ ಒಡ್ಡುಗಳನ್ನೆಲ್ಲ ಅಳಿಸಿ, ಅಂಗೈಯಂತೆ ಸಮ ಮಾಡಿಸಿದ್ದ. ಕಟ್ಟೆಯಿಂದ ಒಂದು ಕಲ್ಲೆಸೆತದಷ್ಟು ಈಚೆಗೆ ಬಂದಾಗ ಯಂತ್ರ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿತು.

ಇದು ಮುಚ್ಚಳದ ಕೂಗಲ್ಲ. ಮಾಸ್ತರ ಹಂಚನ್ನು ಎತ್ತಿ ಹಿಡಿದರೂ ಕೂಗು ನಿಲ್ಲಲಿಲ್ಲ. ಆ ಕಡೆ ಈ ಕಡೆ ಆಡಿಸಿ, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದ.

"ಮೊಳದ ಕೆಳಗದ. ಅಷ್ಟು ಕೆಳಗಿಂದ ಕೂಗಬೇಕಾದ್ರ ಸಣ್ಣ ಸಾಮಾನಲ್ಲ. ಮತ್ತ ಉದ್ದಕ್ಕದ, ನೋಡ್ರಿ, ಇಲ್ಲಿಂದ ಇಲ್ಲಿತನ. ಇದು ಕತ್ತಿ! ಸುರಪುರ ದಂಡಿನ ಕತ್ತಿ!"

"ಕತ್ತಿ ಇದ್ದಲ್ಲಿ ಖಜಾನಿ ಇರ್ತದ," ಎಂದರು ಯಾರೋ. "ಕಾವಲಿಗೆ ಇಟ್ಟಿರ್ತಾರ."

ಅಲ್ಲಿಂದ ಮುಂದೆ ಕಾಲುಂಗುರವನ್ನು ಕೇಳಿದವರಿಲ್ಲ. ಸಿಕ್ಕಿದ್ದನ್ನು ತಹಶೀಲ್ದಾರರಿಗೆ ಒಪ್ಪಿಸಲೇಬೇಕು ಎಂದ ಮಾಸ್ತರ. ಆದರೆ ಹೊಲದ ಮಾಲಕನ ಹೆಸರು ಪೇಪರಿನಲ್ಲಿ ಬರುತ್ತದೆ, ಸರಕಾರ ಅವನಿಗೆ ಏನಾದರೂ ಕೊಟ್ಟೇ ಕೊಡುತ್ತದೆ ಎಂದೂ ಸೇರಿಸಿದ. ಆ ಮಾತು ಕೇಳಿ ತಾಯಪ್ಪನ ಮುಖದಿಂದ ಕಂಟಕದ ಕಳೆ ಇಳಿದುಹೋಯಿತು. ಅವನು ಪೇಟಾ ಬಿಗಿದುಕೊಂಡ.

ಯಂಕಣ್ಣ ಎದ್ದು ಬಂದ. "ತಡಿ ತಾಯಪ್ಪ. ಯಾರ ಹೊಲಾ ಅಂತ ಅಗೀತಿ? ಸರ್ವೇ ಇನ್ನೂ ಆಗಿಲ್ಲ. ನಮ್ಮಪ್ಪ ಇದ್ದಾಗ ನಮ್ಮ ಹೊಲ ಇಲ್ಲೀತನಾ ಇತ್ತು ಅಂತ ನನಗ ನೆನಪದ."

ತಾಯಪ್ಪನಿಗೆ ಸಿಟ್ಟು ನೆತ್ತಿಗೇರಿತು. ತೂಬಿಗಾಗಿ ಬಡಿದಾಡಿದ್ದು ಸಾಲದೆ ಈಗ ಖಜಾನೆಗೂ ಬಂದನೇ?

"ಭಾಗಣ್ಣ ಕಾಕಾನ ಕರೀರಿ!" ಎಂದು ಕೂಗಿದ. "ಎಲ್ಲಾರ ಮುಂದ ಇವತ್ತು ಒಂದು ತೀರ್ಮಾನ ಆಗಿಬಿಡ್ಲಿ."

ಭಾಗಣ್ಣ ಕೋಲೂರಿಕೊಂಡು ಬಂದ. ಅವನಿಗೆ ಬಿಸಿಲು ತಾಳುತ್ತಿರಲಿಲ್ಲ, ಆದರೆ ಫೈಸಲಾ ಹೇಳುವುದೆಂದರೆ ಊಟ ಬಿಟ್ಟು ಬರುತ್ತಿದ್ದ.

"ಕಾಕಾ, ನೀವು ಅವತ್ತು ಚಾವಡ್ಯಾಗ ಹೇಳಿದ್ದು ಏನು? ಇನ್ನೊಮ್ಮಿ ಹೇಳ್ರಿ. ಜೋರಾಗಿ ಹೇಳ್ರಿ."

"ಏನು ಹೇಳಿದ್ದೆ? ದ್ಯಾವಪ್ಪ ಎಲ್ಲಿ ಮಲಗ್ಯಾನೋ ಅದೇ ಹದ್ದು. ಅವನ ಆ ಕಡಿ ಯಂಕಣ್ಣಂದು, ಈ ಕಡಿ ನಿಂದು."

"ಮತ್ತ ಮುಂದ ಸರ್ವೇದವ್ರು ಬಂದು ಬ್ಯಾರೇ ಹೇಳಿದ್ರ?"

"ಹೇಳ್ಲಿ. ಊರ ಮಾತು ಊರ ಮಾತೇ."

"ಕೇಳಿದ್ರೆಲ್ಲಾ!" ತಾಯಪ್ಪ ಜನರ ಕಡೆ ತಿರುಗಿದ. "ನನ್ನ ಹೊಲದಾಗ ಸಿಕ್ಕಿದ್ದು ನಂದು, ಅವನ ಹೊಲದಾಗ ಸಿಕ್ಕಿದ್ದು ಅವಂದು. ಯಂಕಣ್ಣ ಮಣ್ಣು ಮುಟ್ಟಿ ಕಬೂಲ್ ಅಂದ್ಮ್ಯಾಲೇ ನಾ ಸಲಿಕಿ ಹಾಕಾಂವ."

ಯಂಕಣ್ಣ ಸುತ್ತಲೂ ನೋಡಿದ. ಎಲ್ಲರೂ ತಾಯಪ್ಪನ ಕಡೆಗೇ ಇದ್ದರು. ಖಜಾನೆ ಸಿಗುವವನ ಕಡೆಗೆ ಜನ ಇರುವುದು ವಾಡಿಕೆ. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ.

"ಕಬೂಲ್. ದ್ಯಾವಪ್ಪ ಕಾಕಾ ಎಲ್ಲಿ ಮಲಗ್ಯಾನೋ ಅದೇ ಹದ್ದು. ನೀನೂ ಮುಟ್ಟು."

ತಾಯಪ್ಪ ಒಂದು ಹಿಡಿಯಲ್ಲ, ಎರಡು ಹಿಡಿ ಮಣ್ಣು ಮುಟ್ಟಿದ. ಆಮೇಲೆ ಸಲಿಕೆ ಹಾಕಿದ.

ಯಾರನ್ನೂ ಹತ್ತಿರ ಬಿಡಲಿಲ್ಲ. ಬೆವರು ಸುರಿಸುತ್ತ ಒಬ್ಬನೇ ಅಗೆದ. ಮೇಲಿನ ಮಣ್ಣು ಬಿರುಸಾಗಿತ್ತು, ಕೆಳಗಿನದು ಮೆತ್ತಗಿತ್ತು. ಒಮ್ಮೆ ಹಿಂದೆ ಅಗೆದು ಮುಚ್ಚಿದ ಮಣ್ಣು ಇದು ಎಂದು ಮಾಸ್ತರ ಕುಣಿದಾಡಿದ. ಮೊಣಕಾಲಿನಾಳಕ್ಕೆ ಹೋಗುತ್ತಲೇ ಸಲಿಕೆ ಠಣ್ ಎಂದಿತು. ತಾಯಪ್ಪ ಬೋರಲು ಬಿದ್ದು ಕೈಯಿಂದ ಬಗೆದು, ಮಣ್ಣು ಮೆತ್ತಿದ ಒಂದು ಸರಳನ್ನು ಎಳೆದು ಮೇಲೆತ್ತಿದ. ಜನ ಹೋ ಎಂದು ಕೂಗಿದರು.

ಮಾಸ್ತರ ತನ್ನ ಕರವಸ್ತ್ರದಿಂದಲೇ ಅದನ್ನು ಒರೆಸಿದ. ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಬೆಳ್ಳಗಿನ ಹೊಳಪು.

"ತುಕ್ಕೇ ಹಿಡಿದಿಲ್ಲ!" ಅವನ ಕಣ್ಣು ತುಂಬಿ ಬಂದಿದ್ದವು. "ನಮ್ಮ ಹಿಂದಿನವರಿಗೆ ಎಂಥಾ ವಿದ್ಯಾ ಗೊತ್ತಿತ್ತು ನೋಡ್ರಿ! ಇದು ಕತ್ತಿ ಅಲ್ಲ, ಭರ್ಜಿ ಇರಬೇಕು. ಹಿಡಿಕಿ ಹಾಕಾಕ ತೂತೂ ಅದಾವ. ತೂತಿನಾಗ ಏನೋ ಅದ... ತಡೀರಿ..."

ಅವನು ತೂತನ್ನು ಉಗುರಿನಿಂದ ಕೆರೆದ.

"ಅರಸರ ಕಾಲದಾಗ ಸ್ಕ್ರೂ ಇದ್ದಿಲ್ಲ," ಎಂದ ಮೆಲ್ಲಗೆ.

ಗುಂಡಿಯಲ್ಲಿ ನಿಂತಿದ್ದ ತಾಯಪ್ಪ ಬಗ್ಗಿ ನೋಡಿದ. ಸರಳು ಇದ್ದ ಜಾಗದ ಪಕ್ಕದಲ್ಲಿ, ಮಣ್ಣಿನ ಬಣ್ಣದ್ದೇ ಆದ ಇನ್ನೊಂದು ಉದ್ದನೆಯ ವಸ್ತು ಕಾಣುತ್ತಿತ್ತು. ಅದನ್ನು ಯಾರೂ ಕತ್ತಿ ಎನ್ನಲಿಲ್ಲ. ಗೊಲ್ಲಾಳಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು.

"ಏನದು? ಯಾಕ ಎಲ್ಲಾರೂ ಸುಮ್ಮಾದ್ರಿ?" ಎನ್ನುತ್ತ ತಿಮ್ಮವ್ವ ಶೇಖಮ್ಮನ ಭುಜ ಹಿಡಿದು ಗುಂಡಿಯ ತನಕ ಬಂದಳು. "ಇಲ್ಲಿ ಕೊಡ್ರಿ ಮಾಸ್ತರ್ರ. ನನಗೂ ತೋರಸ್ರಿ ರಾಜಾನ ಕತ್ತಿ."

ಮಾಸ್ತರ ಅದನ್ನು ಅವಳ ಕೈಗಿಟ್ಟ. ಮುದುಕಿ ಸರಳನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದಳು. ಮೇಲಿನ ತುದಿಯ ಬಾಗು ಸಿಕ್ಕಿದಾಗ ಅವಳ ಕೈ ನಿಂತಿತು. ಆ ಬಾಗನ್ನು ಅವಳು ಗಂಡನ ಸೊಂಟದ ಚರ್ಮದ ಮೇಲಿಂದ ಎಷ್ಟೋ ಮಳೆಗಾಲ ತಡವಿ ನೋಡಿದ್ದಳು. ಮೋಡ ಹಾಕಿದರೆ ಅದು ನೋಯುತ್ತಿತ್ತು, ಅವಳು ಬೇವಿನೆಣ್ಣೆ ಕಾಯಿಸಿ ತಿಕ್ಕುತ್ತಿದ್ದಳು. ಸೊಸೆಯ ಮುಖ ಗುರುತಿಸದ ಆ ಮುದುಕಿಗೆ ಇದು ಗುರುತು ಸಿಕ್ಕಿತು.

"ಇದು ಅವರ ಕಾಲು," ಎಂದಳು.

ಎಲ್ಲರ ಕಣ್ಣು ಗುಂಡಿಯಿಂದ ಎದ್ದು, ಹೊಲದ ಉದ್ದಕ್ಕೂ ಹೋಗಿ, ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಕಟ್ಟೆಯ ಮೇಲೆ ನಿಂತವು.

ಆದದ್ದು ಇಷ್ಟೇ. ದ್ಯಾವಪ್ಪ ಮಲಗಿದ್ದಲ್ಲೇ ಇದ್ದ, ನಡೆದದ್ದು ಕಟ್ಟೆ. ಕಾಲುವೆಗೆ ನೀರು ಬಿಟ್ಟ ವರ್ಷ ಅದನ್ನು ಬಿಚ್ಚಿ ಕಟ್ಟುವಾಗ ತಾಯಪ್ಪ ಒಡ್ಡನ್ನೂ ಸೇರಿಸಿ ತೂಬಿನ ಕಡೆಗೆ ನಾಲ್ಕು ಹೆಜ್ಜೆ ಸರಿಸಿದ್ದ. ಯಾರೂ ನೋಡಲಿಲ್ಲ. ಮರುವರ್ಷ ಇನ್ನಷ್ಟು. ಯಂಕಣ್ಣ ಪುಣೆಯಿಂದ ಬರುವ ಹೊತ್ತಿಗೆ, ಬದುಕಿದ್ದಾಗ ಕುಂಟುತ್ತಿದ್ದ ದ್ಯಾವಪ್ಪ ಮಗನ ಭಕ್ತಿಯಿಂದ ತೂಬು ದಾಟಿದ್ದ. ಆಮೇಲೆ ಕಟ್ಟೆ ಪ್ರತಿ ವರ್ಷ ಇದ್ದಲ್ಲೇ ಹೊಸದಾಯಿತು. ಒಮ್ಮೆಲೇ ನಿಲ್ಲಿಸಿದರೆ ಜನ ಏನೆಂದಾರು? ಬುಲ್ಡೋಜರ್ ಓಡಾಡಿದ ಮೇಲೆ ಅಪ್ಪ ನಿಜವಾಗಿ ಎಲ್ಲಿದ್ದನೆಂಬುದು ತಾಯಪ್ಪನಿಗೂ ಗುರುತು ತಪ್ಪಿತು. ಹೇಳಿ ಹೇಳಿ, ಸುಣ್ಣ ಬಳಿದು ಬಳಿದು, ಅಪ್ಪ ಕಟ್ಟೆಯ ಕೆಳಗೇ ಇದ್ದಾನೆಂದು ಅವನೇ ನಂಬಿಬಿಟ್ಟಿದ್ದ. ಮಣ್ಣು ಕೆತ್ತಿಸಿ ಅಪ್ಪನನ್ನು ಯಂತ್ರದ ಕಿವಿಗೆ ಎಟುಕುವಷ್ಟು ಮೇಲೆ ತಂದವನೂ ಅವನೇ.

ಭಾಗಣ್ಣ ಗಂಟಲು ಸರಿಮಾಡಿಕೊಂಡ. ಅವನಿಗೆ ಹೊಸ ಫೈಸಲಾ ಹುಡುಕುವ ಕೆಲಸವೇ ಇರಲಿಲ್ಲ.

"ಊರ ಮಾತು ಊರ ಮಾತೇ," ಎಂದು ಕೋಲನ್ನು ಗುಂಡಿಯ ಅಂಚಿಗೆ ಊರಿದ. "ಇಲ್ಲಿಂದ ಆ ಕಡಿ ಯಂಕಣ್ಣಂದು."

ತೂಬು ಹೋಯಿತು, ಸಸಿ ಮಡಿ ಹೋಯಿತು, ಸಮ ಮಾಡಿಸಿದ ಗದ್ದೆಯ ಅರ್ಧ ಹೋಯಿತು. ತಾಯಪ್ಪ ಗುಂಡಿಯಿಂದ ಹತ್ತಿ ಬಂದು ಭಾಗಣ್ಣನ ಕಾಲು ಹಿಡಿದ.

"ಕಾಕಾ, ತಪ್ಪಾತು. ಅಪ್ಪನ್ನ ಎತ್ತಿ ಕಟ್ಟಿ ಕೆಳಗೇ ಮಣ್ಣು ಮಾಡೋಣ. ಹೊಸಾ ಅರಿವಿ ಹೊಚ್ಚಿ, ಭಜನಿ ಹಚ್ಚಿ ಒಯ್ಯೋಣ. ಅವಗೂ ತಂಪಿನ ಜಗಾ ಸಿಗ್ತದ..."

"ಎಲುಬು ಮುಟ್ಟಿದ್ರ ಕೈ ಮುರೀತೀನಿ," ಎಂದಳು ತಿಮ್ಮವ್ವ. ಅವಳ ದನಿ ಏರಲೇ ಇಲ್ಲ.

ಅಷ್ಟರಲ್ಲಿ ಮಾಸ್ತರ, ಇತಿಹಾಸ ಕೈಕೊಟ್ಟ ದುಃಖದಲ್ಲಿ ಜನರಿಂದ ತಪ್ಪಿಸಿಕೊಂಡು ತೂಬಿನ ಕಡೆ ಹೋಗಿದ್ದ. ಯಂತ್ರ ಅಲ್ಲಿ ಸಣ್ಣಗೆ ಕುಂಯ್ ಎಂದಿತು. ಒಂದು ಗೇಣಿನಾಳದ ಕೆಸರಿನಲ್ಲಿ ಶೇಖಮ್ಮನ ಕಾಲುಂಗುರವಿತ್ತು. ಅವನು ಅದನ್ನು ಹಿಡಿದು ಬಂದು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಿಂತ.

ಯಂಕಣ್ಣ ಕೈ ಚಾಚಿ ತೆಗೆದುಕೊಂಡ. "ನನ್ನ ಹೊಲದಾಗ ಸಿಕ್ಕಿದ್ದು ನಂದು. ಮಣ್ಣು ಮುಟ್ಟಿ ನೀನೇ ಹೇಳಿದ್ದಲ್ಲ ತಾಯಪ್ಪ?" ಎಂದ. ಆಮೇಲೆ ಅದನ್ನು ಅಂಗಿಗೆ ಒರೆಸಿ ಶೇಖಮ್ಮನ ಮುಂದೆ ಹಿಡಿದ. "ತಗೋ ತಂಗಿ, ಹಾಕ್ಕೋ. ನಿನ್ನ ಗಂಡಗ ಕಂಟಕ ಬರಬಾರ್ದು."

ಶೇಖಮ್ಮ ತಲೆ ಎತ್ತದೆ ತೆಗೆದುಕೊಂಡಳು. ಗೊಲ್ಲಾಳಮ್ಮ ಮುಗಿಲು ನೋಡಿ, ಹೊತ್ತು ಮುಳುಗಲು ಇನ್ನೂ ಸಮಯವಿದೆ, ಕಂಟಕ ಕಳೆಯಿತು ಎಂದಳು.

ಜನ ಕರಗಿದರು. ಶೇಖಮ್ಮ ಮಾವನ ಸರಳನ್ನು ಇದ್ದಲ್ಲೇ ಇಟ್ಟು, ಕೈಯಿಂದಲೇ ಮಣ್ಣು ಎಳೆದು ಮುಚ್ಚಿದಳು. ತಾಯಪ್ಪ ದೂರದಲ್ಲಿ ಕೂತಿದ್ದ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ. ಇಷ್ಟಾದ ಮೇಲೂ ಹೊಟ್ಟೆ ಚುರುಗುಡುತ್ತಿರುವುದಕ್ಕೆ ಅವನಿಗೇ ನಾಚಿಕೆಯಾಯಿತು. ಆದರೂ ತಾಯಿ ಬುತ್ತಿಯ ಗಂಟು ಬಿಚ್ಚುವುದನ್ನು ನೋಡಿ ಮೆಲ್ಲಗೆ ಹತ್ತಿರ ಸರಿದ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ. ಅವನಿಗೆಂದೇ ಕಟ್ಟಿದ್ದು.

ತಿಮ್ಮವ್ವ ತಡವುತ್ತ ಮಣ್ಣಿನ ಗುಡ್ಡೆ ಹುಡುಕಿ, ಅದರ ಮುಂದೆ ರೊಟ್ಟಿಯನ್ನು ಹಾಸಿದಳು. ಪಲ್ಯ ಬಡಿಸಿದಳು. ಗಂಡನ ತೊಡೆಯಿದ್ದ ಜಾಗವನ್ನು ಮಣ್ಣಿನ ಮೇಲಿಂದಲೇ ಸವರಿದಳು.

"ವರ್ಷಾ ವರ್ಷಾ ಹೋಳಿಗಿ ಮಾಡಿ ನಾ ಯಾರಿಗೆ ಎಡಿ ಇಟ್ಟೆ?" ಎಂದಳು. "ಮನಿ ಮಾತೆಲ್ಲಾ ಯಾರ ಮುಂದ ಹೇಳ್ಕೊಂಡೆ?"

ತಾಯಪ್ಪ ನೆಲ ನೋಡಿದ.

"ಯವ್ವಾ," ಎಂದ ಇನ್ನಷ್ಟು ಹತ್ತಿರ ಸರಿದು, "ನಂಗ ಒಂದು ರೊಟ್ಟಿ..."

"ನಿಮ್ಮಪ್ಪ ಉಪಾಸ ಬಿದ್ದು ಬಾಳ ವರ್ಷ ಆತು," ಎಂದಳು ತಿಮ್ಮವ್ವ. "ಮೊದಲು ಅವರು ಉಣ್ಲಿ."

ಅವಳು ಅಲ್ಲಿಂದ ಏಳಲಿಲ್ಲ. ಆಚೆಗೆ ಯಂಕಣ್ಣ ತೂಬು ಎತ್ತಿದ, ನೀರು ಹೊಸ ದಾರಿ ಹಿಡಿದು ಅವನ ಹೊಲದ ಕಡೆ ಹರಿಯಿತು. ತಾಯಪ್ಪ ಅಪ್ಪನ ಊಟ ಮುಗಿಯುವುದನ್ನೇ ಕಾಯುತ್ತ ಕೂತ.